ಕಾರ್ಡ್ ಸುಟ್ಟಿಲ್ಲ, ಉಸಿರು ಕಟ್ಟಿದೆ!

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟ ರೈಲಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದರ ಹಿಂದೊಂದು ಸಿಗುತ್ತವೆ. ಒಂದಕ್ಕೆ ಏಲಕ್ಕಿ ಹಾರದ ಹೆಸರು, ಇನ್ನೊಂದಕ್ಕೆ ಮೆಣಸಿನಕಾಯಿಯದು, ಮತ್ತೊಂದಕ್ಕೆ ಕೃಷ್ಣಮೃಗಗಳದು. ಏಪ್ರಿಲ್ ಬಂತೆಂದರೆ ಮಾತ್ರ ಮೂರಕ್ಕೂ ಒಂದೇ ಗುರುತು: ಸುಡು ಬಿಸಿಲು. ಫ್ಯಾನಿನ ಕೆಳಗೆ ಕುಳಿತ ಮನುಷ್ಯರೇ ಬೆವರುವಾಗ ತಗಡಿನ ಪೆಟ್ಟಿಗೆಯೊಳಗೆ ಕುಳಿತ ಗಣಕದ ಪಾಡೇನು?

ಈ ಮೂರು ಊರುಗಳಲ್ಲಿ ಒಂದೊಂದು ಗಣಕವನ್ನು ಕಲ್ಪಿಸಿಕೊಳ್ಳಿ. ಹಾವೇರಿಯದು ಫ್ಲೆಕ್ಸ್ ವಿನ್ಯಾಸದ ಅಂಗಡಿಯಲ್ಲಿದೆ. ಬ್ಯಾಡಗಿಯದು ಮೆಣಸಿನಕಾಯಿ ಪೇಟೆಯ ಪಕ್ಕದ ಮನೆಯಲ್ಲಿ, ಕಾಲೇಜು ಹುಡುಗನ ಆಟಕ್ಕೆ. ರಾಣೆಬೆನ್ನೂರಿನದು ಮದುವೆ ವಿಡಿಯೊ ಸ್ಟುಡಿಯೊದಲ್ಲಿ. ಮೂರರದ್ದೂ ಒಂದೇ ದೂರು: ಭಾರದ ಕೆಲಸ ಕೊಟ್ಟರೆ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಮೂರು ಕಡೆಯೂ ಒಂದೇ ತೀರ್ಪು: ‘ಗ್ರಾಫಿಕ್ಸ್ ಕಾರ್ಡ್ ಸುಟ್ಟೈತ್ರಿ ಅಣ್ಣಾರ, ಹೊಸಾದು ಹಾಕಸ್ರಿ.’

ಹೊಸದೆಂದರೆ ಹದಿನೈದು-ಇಪ್ಪತ್ತು ಸಾವಿರ ರೂಪಾಯಿಯ ಮಾತು. ಅಷ್ಟು ಸುರಿಯುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಕಾರ್ಡ್ ನಿಜಕ್ಕೂ ಸುಟ್ಟಿದೆಯೆ?

ಪರದೆಯ ಮೇಲೆ ಚಿತ್ರ ಮೂಡಿಸುವ ಲೆಕ್ಕವನ್ನೆಲ್ಲ ಮಾಡುವುದು ಈ ಕಾರ್ಡ್. ಸಣ್ಣದೊಂದು ಕಾರ್ಡಿಗೆ 20 ವಾಟ್ ವಿದ್ಯುತ್ ಸಾಕು. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಎಂಬ ದೈತ್ಯನಿಗೆ 450 ವಾಟ್ ಬೇಕು. ಅಷ್ಟೂ ವಿದ್ಯುತ್ ಕೊನೆಗೆ ಶಾಖವೇ ಆಗುತ್ತದೆ. ಆದ್ದರಿಂದ ಕಾರ್ಡ್ ಬಿಸಿಯಾಗುವುದು ರೋಗವಲ್ಲ. ಬಿಸಿ ಹೊರಗೆ ಹೋಗದಿರುವುದು ರೋಗ. ದುಡಿಯುವಾಗ ಚಿಪ್ಪಿನ ಉಷ್ಣತೆ 65ರಿಂದ 85 ಡಿಗ್ರಿ ಸೆಲ್ಸಿಯಸ್ ಇರುವುದು ಸಾಮಾನ್ಯ. ಮಿತಿ ಮೀರಿದರೆ ಚಿಪ್ ತಾನಾಗಿ ವೇಗ ತಗ್ಗಿಸುತ್ತದೆ. ಅದೂ ಸಾಲದಿದ್ದರೆ ಕೆಲಸ ನಿಲ್ಲಿಸುತ್ತದೆ. ಅಂದರೆ ಕಪ್ಪು ಪರದೆ ಸಾವಿನ ಸುದ್ದಿಯೇ ಆಗಬೇಕಿಲ್ಲ, ಪ್ರಾಣ ಉಳಿಸಿಕೊಳ್ಳುವ ಉಪಾಯವೂ ಇರಬಹುದು.

ಇನ್ನು ಕೋಣೆಯ ಬಿಸಿ. ಡಿಸೆಂಬರಿನಲ್ಲಿ ಕೋಣೆ 24 ಡಿಗ್ರಿ ಇದ್ದಾಗ 70 ತೋರಿಸುತ್ತಿದ್ದ ಕಾರ್ಡ್, ಏಪ್ರಿಲಿನಲ್ಲಿ ಕೋಣೆ 36 ಆದರೆ ಅದೇ ಕೆಲಸಕ್ಕೆ 82ರ ಹತ್ತಿರ ಹೋಗುತ್ತದೆ. ಗಾಳಿಗಿಂತ ತಣ್ಣಗಾಗುವ ವಿದ್ಯೆ ಫ್ಯಾನಿಗೆ ಗೊತ್ತಿಲ್ಲ.

ಜ್ವರಕ್ಕೆ ಮೊದಲು ಥರ್ಮಾಮೀಟರ್, ಆಮೇಲೆ ಗುಳಿಗೆ. ಇಲ್ಲೂ ಹಾಗೆಯೇ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ 2020ರಿಂದೀಚೆಗೆ ಕಾರ್ಡಿನ ಉಷ್ಣತೆ ಕಾಣುತ್ತದೆ. ಜಿಪಿಯು-ಝಡ್‌ನಂಥ ಉಚಿತ ತಂತ್ರಾಂಶಗಳೂ ಇವೆ. ಸುಮ್ಮನಿರುವಾಗ ಎಷ್ಟು, ಹತ್ತು ನಿಮಿಷ ದುಡಿದ ಮೇಲೆ ಎಷ್ಟು ಎಂದು ಚೀಟಿಯಲ್ಲಿ ಬರೆದಿಡಿ. ನಂತರ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಅದೇ ಕೆಲಸವನ್ನು ಅಷ್ಟೇ ಹೊತ್ತು ಮಾಡಿಸಿ ಮತ್ತೆ ನೋಡಿ.

ಹಾವೇರಿಯ ಗಣಕವನ್ನು ಮೇಜಿನ ಗೂಡಿನಿಂದ ಈಚೆಗೆಳೆದು ಮುಚ್ಚಳ ತೆಗೆದೊಡನೆ 89 ಇದ್ದದ್ದು 77ಕ್ಕೆ ಇಳಿಯಿತೆನ್ನಿ. ಕಾರ್ಡಿನಲ್ಲಿ ದೋಷವಿಲ್ಲ. ಗೂಡಿಗೆ ಬಾಗಿಲು, ಬೆನ್ನಿಗೆ ಗೋಡೆ, ಮೇಲೊಂದು ಕಸೂತಿ ಬಟ್ಟೆ. ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಉಸಿರಾಡುತ್ತಿತ್ತು. ಇಲ್ಲಿ ಹೊಸ ಕಾರ್ಡ್ ಹಾಕಿದ್ದರೆ ಅದಕ್ಕೂ ಇದೇ ಗತಿ. ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಗೂಡಿನ ಬಾಗಿಲು ತೆಗೆದರೆ ಖರ್ಚಿಲ್ಲದ ಚಿಕಿತ್ಸೆ ಮುಗಿಯಿತು.

ಬ್ಯಾಡಗಿಯಲ್ಲಿ ಮುಚ್ಚಳ ತೆಗೆದರೂ ಅಂಕಿ ಅಲುಗಲಿಲ್ಲ. ಹಾಗಾದರೆ ತೊಂದರೆ ಕಾರ್ಡಿನ ಮೈಯಲ್ಲೇ ಇದೆ. 2011ರಲ್ಲಿ ಜಿಐ ಮಾನ್ಯತೆ ಪಡೆದ ಮೆಣಸಿನಕಾಯಿ ಚೀಲ ಚೀಲವಾಗಿ ಬರುವ ಊರಿದು. ಸುಗ್ಗಿಯಲ್ಲಿ ಗಾಳಿಗೂ ಘಾಟು. ಆ ದೂಳು ಹೀಟ್‌ಸಿಂಕ್‌ನ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿದ್ದರೆ ಫ್ಯಾನ್ ಎಷ್ಟು ತಿರುಗಿದರೇನು ಫಲ?

ಸ್ವಚ್ಛ ಮಾಡುವಾಗ ವಿದ್ಯುತ್ ತಂತಿ ಕಿತ್ತಿಡಿ. ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಿ. ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿ, ಮೆತ್ತನೆಯ ಬ್ರಷ್ ಮತ್ತು ಬ್ಲೋವರ್ ಬಳಸಿ. ಗಾಳಿ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡಬಹುದು. ಒದ್ದೆ ಬಟ್ಟೆ ಬೇಡವೇ ಬೇಡ. ಇಷ್ಟಾದರೂ ಬಿಸಿ ಇಳಿಯದಿದ್ದರೆ, ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಬದಲಿಸುವುದು ಬಲ್ಲವರ ಕೆಲಸ. ಕಾರ್ಡಿಗೆ ವಾರಂಟಿ ಇದ್ದರೆ ಬಿಚ್ಚುವ ಮುನ್ನ ಅದರ ಷರತ್ತು ಓದಿ.

ಇನ್ನೊಂದು ಮಾತು. ಸುಮ್ಮನಿರುವಾಗ ಕಾರ್ಡಿನ ಫ್ಯಾನ್ ತಿರುಗದಿದ್ದರೆ ಗಾಬರಿಯಾಗಬೇಡಿ. ಈಚಿನ ಹಲವು ಕಾರ್ಡುಗಳ ಫ್ಯಾನ್, ಬಿಸಿ ಏರಿದ ಮೇಲಷ್ಟೇ ಏಳುವ ಕುಂಭಕರ್ಣ.

ರಾಣೆಬೆನ್ನೂರಿನ ಕಥೆಯೇ ಬೇರೆ. ಅಲ್ಲಿ ಆರಿದ್ದು ಪರದೆಯೊಂದೇ ಅಲ್ಲ, ಇಡೀ ಯಂತ್ರ. ಅದೂ ಕಾರ್ಡ್ ಬರೀ 68 ಡಿಗ್ರಿ ಇದ್ದಾಗ. ಇದು ಜ್ವರವಲ್ಲ, ಹಸಿವು! ಕಾರ್ಡ್ ಒಮ್ಮೆಲೇ ಕೇಳಿದಷ್ಟು ವಿದ್ಯುತ್ ಕೊಡಲಾರದೆ ಎಸ್‌ಎಂಪಿಎಸ್ ಕೈಚೆಲ್ಲಿರಬಹುದು, ಇಲ್ಲವೆ ಕಾರ್ಡಿಗೆ ಹೋಗುವ ತಂತಿಯ ಕೊಂಡಿ ಸಡಿಲವಿರಬಹುದು. ಕೊಂಡಿ ಬಿಗಿಮಾಡಿ, ಆಗದಿದ್ದರೆ, ಸುಸ್ಥಿತಿಯಲ್ಲಿರುವ ಬೇರೆ ಎಸ್‌ಎಂಪಿಎಸ್ ಹಾಕಿ ಪರೀಕ್ಷಿಸಿ. ಮದುವೆ ಮನೆಯವರಿಗೆ ಕೊಟ್ಟ ಮಾತೂ ಉಳಿದೀತು, ಗಂಟೂ ಉಳಿದೀತು.

ಹಾಗಂತ ಬಿಸಿಯನ್ನು ಅಲಕ್ಷಿಸುವಂತಿಲ್ಲ. ಪದೇ ಪದೇ ಕಾದು ಆರುವಾಗ ಚಿಪ್ಪಿನಡಿಯ ಸೂಕ್ಷ್ಮ ಬೆಸುಗೆಗಳು ಬಿರುಕು ಬಿಡುತ್ತವೆ. 2008ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ದುರ್ಬಲ ಸಾಮಗ್ರಿಯಿಂದಾದ ದುರಸ್ತಿ ಖರ್ಚಿಗೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಗಣಕ ಚಾಲೂ ಆದ ಕೂಡಲೇ, ಇನ್ನೂ ತಣ್ಣಗಿರುವಾಗಲೇ, ಪರದೆಯ ಮೇಲೆ ಬಣ್ಣದ ಚುಕ್ಕಿ-ಗೆರೆಗಳು ಕುಣಿದರೆ ಕಾರ್ಡಿಗೆ ನಿಜವಾಗಿಯೂ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಒಲೆಯಲ್ಲಿ ಕಾಯಿಸಿ ಬದುಕಿಸುವ ಪ್ರಯೋಗವೂ ಉಂಟು. ಆದರೆ ಆ ಬದುಕು ಹೆಚ್ಚು ದಿನದ್ದಲ್ಲ, ಹೊಗೆಯಂತೂ ಅಡುಗೆಮನೆಗೆ ತಕ್ಕದ್ದಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗಣಕ ಸರಿಹೋಗಬಹುದು, ರೋಗ ಯಾವುದೆಂದು ಮಾತ್ರ ತಿಳಿಯುವುದಿಲ್ಲ. ಮುಂದಿನ ಬೇಸಿಗೆಗೆ ಅದೇ ಬಿಸಿಲು, ಅದೇ ದೂಳು, ಅದೇ ಕಪ್ಪು ಪರದೆ. ಆಗ ಕೈಯಲ್ಲಿ ಈ ವರ್ಷದ ಚೀಟಿ ಇದ್ದರೆ, ‘ಸುಟ್ಟೈತ್ರಿ’ ಎಂದವರಿಗೆ ‘ಎಷ್ಟು ಡಿಗ್ರಿಗೆ ಸುಟ್ಟೈತ್ರಿ?’ ಎಂದಾದರೂ ಕೇಳಬಹುದು.