ವಾಪಸ್ ಬಂದ ಪಾರ್ಸೆಲ್‌ನಲ್ಲಿ ಒಡವೆ ಇಲ್ಲ: ನಷ್ಟ ಯಾರ ತಲೆಗೆ?

‘ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡದಿದ್ದರೆ ಕಾನೂನಿನ ಪ್ರಕಾರ ಒಂದು ರೂಪಾಯಿಯೂ ಸಿಗಲ್ಲ.’ ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ‘ಕೊರಿಯರ್‌ನವರು ಕಳೆದರೆ ವಸ್ತುವಿನ ಪೂರ್ತಿ ಬೆಲೆ ಕೊಡಲೇಬೇಕು’ ಎಂಬುದು ಅದಕ್ಕೆ ವಿರುದ್ಧದ ಮತ್ತೊಂದು ನಂಬಿಕೆ. ಎರಡೂ ತಪ್ಪು. ಎರಡನೆಯದನ್ನು ನಂಬಿದವರಿಗೆ ಹೆಚ್ಚು ಪೆಟ್ಟು ಬೀಳುತ್ತದೆ.

ಒಂದು ಉದಾಹರಣೆ ಊಹಿಸಿಕೊಳ್ಳಿ. ವಿರಾಜಪೇಟೆಯ ಮನೆಯೊಂದರಲ್ಲಿ ಮದುವೆ. ಅಜ್ಜಿಯ ಕಾಲದ ಜೋಮಾಲೆಯನ್ನು ಮತ್ತೆ ಪೋಣಿಸಲು ಮೈಸೂರಿನ ಅಂಗಡಿಗೆ ಕೊಟ್ಟು ಬಂದಿದ್ದಾರೆ. ಕೆಲಸ ಮುಗಿದ ಮೇಲೆ ಅಂಗಡಿಯವರು ಅದನ್ನು ಕೊರಿಯರ್‌ಗೆ ಹಾಕುತ್ತಾರೆ. ಡಬ್ಬಿ ಮನೆಗೆ ಬರುತ್ತದೆ, ಒಳಗೆ ಒಡವೆ ಇಲ್ಲ. ಅಂಗಡಿಯವರು ‘ನಾವು ಕಳಿಸಿದ್ದೇವೆ’ ಎನ್ನುತ್ತಾರೆ. ಕೊರಿಯರ್‌ನವರು ‘ಸೀಲ್ ಸರಿಯಾಗಿಯೇ ಇತ್ತಲ್ಲ’ ಎನ್ನುತ್ತಾರೆ.

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಕೊರಿಯರ್‌ಗೆ ಹಾಕಿ ಎಂದವರು ಯಾರು? ರಿಪೇರಿಗೆ ಕೊಟ್ಟ ಒಡವೆ ಅಂಗಡಿಯವರ ವಶದಲ್ಲಿದ್ದರೂ ಅದು ನಿಮ್ಮದೇ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ಅವರು ಅದನ್ನು ತಮ್ಮ ಸ್ವಂತ ವಸ್ತುವಿನಷ್ಟೇ ಜೋಪಾನ ಮಾಡಬೇಕು, ನೀವು ಹೇಳಿದಂತೆ ಹಿಂದಿರುಗಿಸಬೇಕು. ಬಂದು ಒಯ್ಯುತ್ತೇವೆ ಎಂದಿದ್ದರೂ ಅವರೇ ಕೊರಿಯರ್ ಮಾಡಿದ್ದರೆ ಹೊಣೆ ಬಹುಮಟ್ಟಿಗೆ ಅವರದ್ದೇ. ‘ಕೊರಿಯರ್ ಮಾಡಿಬಿಡಿ’ ಎಂದು ನೀವೇ ವಾಟ್ಸಾಪ್‌ನಲ್ಲಿ ಬರೆದಿದ್ದರೆ ನಿಮ್ಮ ವಾದ ಅಲ್ಲಿಗೇ ಅರ್ಧ ಸೋತಂತೆ.

ಆನ್‌ಲೈನ್‌ನಲ್ಲಿ ಕೊಂಡದ್ದನ್ನು ವಾಪಸ್ ಕಳಿಸುವಾಗ ಮಾತು ಬೇರೆ. ಪಿಕಪ್‌ಗೆ ಬರುವ ಹುಡುಗನನ್ನು ಕಳಿಸುವುದು ಮಾರುವ ಕಡೆಯವರು, ನೀವಲ್ಲ. ಅವನ ಕೈಗೆ ಕೊಟ್ಟು ರಸೀದಿಯನ್ನೋ ಮೆಸೇಜನ್ನೋ ಪಡೆದ ಮೇಲೆ ‘ಗೋದಾಮಿಗೆ ತಲುಪಿಲ್ಲ, ರೀಫಂಡ್ ಇಲ್ಲ’ ಎಂಬ ಮಾತಿಗೆ ಬಲ ಕಡಿಮೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ನಿರಾಕರಿಸುವ ಹಕ್ಕಿರುವ ಸರಕನ್ನು ಕೊಂಡವನು ತಾನೇ ಹಿಂದಿರುಗಿಸಬೇಕಿಲ್ಲ, ಬೇಡವೆಂದು ತಿಳಿಸಿದರೆ ಸಾಕು ಎಂದು 1930ರ ಸರಕು ಮಾರಾಟ ಕಾಯ್ದೆಯ 43ನೇ ಸೆಕ್ಷನ್ ಹೇಳುತ್ತದೆ. ಬೇರೆ ಒಪ್ಪಂದವಿದ್ದರೆ ಮಾತ್ರ ಇದು ಅನ್ವಯಿಸದು. ನಾವು ಓದದೆ ‘ಓಕೆ’ ಒತ್ತುವ ಷರತ್ತುಗಳಲ್ಲಿ ಆ ಬೇರೆ ಒಪ್ಪಂದ ಅಡಗಿರುತ್ತದೆ, ಅದು ಬೇರೆ ಕಥೆ.

ಈಗ ಕೊರಿಯರ್‌ನ ಹೊಣೆಗೆ ಬರೋಣ. ಕೊಡಗಿನಲ್ಲಿ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಪಾರ್ಸೆಲ್ ಎಲ್ಲಿಂದ ಹೊರಟರೂ ಕೊನೆಯ ದಾರಿ ರಸ್ತೆಯೇ ಆಗಿರುತ್ತದೆ. ರಸ್ತೆ ಮೂಲಕ ಸರಕು ಸಾಗಣೆಯ 2007ರ ಕಾಯ್ದೆ ಮನೆಬಾಗಿಲಿಗೆ ತಲುಪಿಸುವ ಕೊರಿಯರ್‌ನವರನ್ನೂ ಒಳಗೊಂಡಿದೆ. ಸಾಗಣೆಯಲ್ಲಿ ವಸ್ತು ಕಳೆದರೆ ಅವರ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಿಲ್ಲ, ತಮ್ಮ ತಪ್ಪಿಲ್ಲ ಎಂದು ಅವರೇ ತೋರಿಸಬೇಕು. ಇದಕ್ಕೂ ಹಿಂದಿನ ಕಾಯ್ದೆಯಡಿ 2000ರಲ್ಲಿ ಪಟೇಲ್ ರೋಡ್‌ವೇಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ಆದರೆ ಹೊಣೆ ಇದೆ ಎಂದರೆ ಪೂರ್ತಿ ಹಣ ಸಿಗುತ್ತದೆ ಎಂದಲ್ಲ. ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ಹೆಚ್ಚಿನ ದರ ಕಟ್ಟದಿದ್ದರೆ ಪರಿಹಾರದ ಮಿತಿ ಸಾಗಣೆ ಶುಲ್ಕದ ಹತ್ತು ಪಟ್ಟು. 200 ರೂಪಾಯಿ ಕೊಟ್ಟು ಕಳಿಸಿದ ಡಬ್ಬಿಗೆ 2,000 ರೂಪಾಯಿ, ಒಳಗಿದ್ದದ್ದು ಲಕ್ಷಗಟ್ಟಲೆ ಬೆಲೆಯ ಜೋಮಾಲೆಯಾದರೂ ಅಷ್ಟೇ. ರಸೀದಿಯ ಹಿಂದಿನ ಸಣ್ಣಕ್ಷರವೂ ನಗಣ್ಯವಲ್ಲ. ಭಾರತಿ ನಿಟ್ಟಿಂಗ್ ಕಂಪನಿ ಪ್ರಕರಣದಲ್ಲಿ (1996) ಸಹಿ ಹಾಕಿದ ರಸೀದಿಯಲ್ಲಿದ್ದ 100 ಡಾಲರ್ ಮಿತಿಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಾಲದ್ದಕ್ಕೆ ಅನೇಕ ಕೊರಿಯರ್‌ಗಳ ಷರತ್ತಿನಲ್ಲಿ ಚಿನ್ನ, ನಗದು ಕಳಿಸುವಂತೆಯೇ ಇಲ್ಲ. ‘ಗಿಫ್ಟ್ ಐಟಂ’ ಎಂದು ಬರೆಸಿ ಒಡವೆ ಕಳಿಸಿದ್ದರೆ ಆಯೋಗದ ಮುಂದೆ ಮೊದಲು ಏಳುವ ಪ್ರಶ್ನೆ ಅದೇ.

ಅಂಚೆಯಲ್ಲಿ ಕಳಿಸಿದ್ದರೆ ದಾರಿ ಇನ್ನೂ ಕಿರಿದು. 2024ರ ಜೂನ್ 18ರಿಂದ ಜಾರಿಗೆ ಬಂದ ಹೊಸ ಅಂಚೆ ಕಾಯ್ದೆಯಲ್ಲೂ ನಿಯಮದಲ್ಲಿ ಹೇಳಿದಷ್ಟು ಮಾತ್ರ ಇಲಾಖೆಯ ಹೊಣೆ.

ಮಳೆಗಾಲದ ನೆಪವನ್ನೂ ನೋಡೋಣ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಂಥ ಸಂದರ್ಭ ದೈವಾಧೀನ ಘಟನೆಯೇ, ಅದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಎಚ್ಚರ ವಹಿಸಿದ್ದರೆ ನಷ್ಟ ತಪ್ಪುತ್ತಿತ್ತು ಎಂದಾದರೆ ಆ ವಿನಾಯಿತಿ ಉಳಿಯದು. ಮಳೆ ಪಾರ್ಸೆಲ್ಲನ್ನು ತಡ ಮಾಡಬಲ್ಲದು. ಸೀಲಾದ ಡಬ್ಬಿಯೊಳಗಿಂದ ಜೋಮಾಲೆಯನ್ನಷ್ಟೇ ಎತ್ತಿಕೊಂಡು ಹೋಗದು!

ಹಾಗಾದರೆ ವಿಡಿಯೊ? ಅದು ಕಡ್ಡಾಯ ಎಂದು ಯಾವ ಕಾಯ್ದೆಯೂ ಹೇಳಿಲ್ಲ. ಕೆಲವು ಮಾರಾಟಗಾರರು ತಮ್ಮ ಷರತ್ತಿನಲ್ಲಿ ಹಾಕಿಕೊಂಡಿರಬಹುದು, ಅಷ್ಟೆ. ಒಳ್ಳೆಯ ಸಾಕ್ಷ್ಯವಂತೂ ಹೌದು, ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ತೂಕ. ಬುಕ್ ಮಾಡುವಾಗ ಲೇಬಲ್ ಮೇಲೆ ಬಿದ್ದ ತೂಕಕ್ಕೂ ಕೈಗೆ ಬಂದ ಡಬ್ಬಿಯ ತೂಕಕ್ಕೂ ವ್ಯತ್ಯಾಸವಿದ್ದರೆ ವಸ್ತು ದಾರಿಯಲ್ಲಿ ಹೋಯಿತು. ಎರಡೂ ಒಂದೇ ಆಗಿದ್ದರೆ ಅನುಮಾನ ಪ್ಯಾಕ್ ಮಾಡಿದ ಕಡೆಗೆ ತಿರುಗುತ್ತದೆ. ಡಬ್ಬಿ, ಟೇಪು ಎಸೆಯಬೇಡಿ. ಕಳವಿನ ಗುಮಾನಿ ಇದ್ದರೆ ಪೊಲೀಸ್ ದೂರೂ ಬೇಕು.

ಮಾತುಕತೆ 1915 ಸಹಾಯವಾಣಿಯಲ್ಲಿ ಮುಗಿದರೆ ಸಂತೋಷ. ಮುಗಿಯದಿದ್ದರೆ, ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ನೀವು ಅಲ್ಲಿಗೆ ಓಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ದೂರು ಕೊಡಬಹುದು. ವಸ್ತು ಅಥವಾ ಸೇವೆಗೆ ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ದೂರಿಗೆ ಶುಲ್ಕವಿಲ್ಲ. ಇಬ್ಬರೂ ಒಪ್ಪಿದರೆ ಆಯೋಗವೇ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸುತ್ತದೆ. ದೂರಿಗೆ ಎರಡು ವರ್ಷ ಸಮಯವಿದೆ ಎಂದು ನಿಶ್ಚಿಂತರಾಗಬೇಡಿ. ಸಾಗಣೆದಾರರ ಮೇಲೆ ಹೋಗಬೇಕಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಅವರ ಕೈ ಸೇರಿರಬೇಕು. ಜೋಮಾಲೆಯ ವಿಷಯದಲ್ಲಿ ಬುಕ್ ಮಾಡಿದವರು ಮೈಸೂರಿನ ಅಂಗಡಿಯವರು, ಬುಕಿಂಗ್ ರಸೀದಿ ಇರುವುದೂ ಅವರ ಬಳಿಯೇ. ಜಗಳ ಮುರಿದು ಮಾತು ನಿಲ್ಲುವ ಮೊದಲೇ ಅದರ ಫೋಟೊ ಕೇಳಿ ಇಟ್ಟುಕೊಳ್ಳಿ.