ಮಿದುಳಿನ ರಕ್ತಸ್ರಾವ ಮತ್ತು ಮೈಯ ಕಾವು

ಬೇಸಗೆಯಿರಲಿ, ಮಾಗಿಯಿರಲಿ, ಮನುಷ್ಯನ ಮೈಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ನಿಂತಿರುವುದು. ಅದನ್ನು ಹಾಗೆ ಕಾಯುವುದು ಮಿದುಳಿನ ಬುಡದಲ್ಲಿರುವ ಹೈಪೊಥಲಮಸ್ ಎಂಬ ಪುಟ್ಟ ಭಾಗ. ಮಿದುಳಿನಲ್ಲಿ ರಕ್ತನಾಳವೊಡೆದು ತೀವ್ರ ರಕ್ತಸ್ರಾವವಾದಾಗ ಈ ಏರ್ಪಾಡು ಕೆಡಬಹುದು. ಪ್ರಜ್ಞೆಯಿಲ್ಲದೆ ಮಲಗಿದವನ ಶ್ವಾಸಕೋಶಕ್ಕೆ ಸೋಂಕು ತಗಲಿಯೂ ಜ್ವರ ಬರಬಹುದು. ಉಷ್ಣತೆ ಏರಿದಂತೆ ಆಮ್ಲಜನಕದ ಬೇಡಿಕೆಯೂ ಏರುವುದು. ಘಾಸಿಗೊಂಡ ಮಿದುಳಿಗೆ ಇದು ಹೆಚ್ಚಿನ ಹೊರೆ. ಜ್ವರ ಬಂದ ಇಂತಹ ರೋಗಿಗಳ ಚೇತರಿಕೆ ಕಡಮೆಯೆಂಬುದನ್ನು ವೈದ್ಯರು ಬಹುಕಾಲದಿಂದ ಕಂಡಿದ್ದಾರೆ.

ಹಾಗಾದರೆ ಯಂತ್ರದಿಂದ ಜ್ವರವನ್ನು ತಡೆದರೆ ರೋಗಿಗೆ ಒಳಿತಾಗಬೇಕಲ್ಲವೆ? ತರ್ಕವೇನೋ ಸರಿಯಾಗಿಯೇ ತೋರುವುದು. 2024ರಲ್ಲಿ ಪ್ರಕಟವಾದ 'ಇಂಟ್ರೆಪಿಡ್' ಎಂಬ ಪ್ರಯೋಗವು ಇದನ್ನೇ ಒರೆಗೆ ಹಚ್ಚಿತು. ಮಿದುಳಿನ ರಕ್ತಸ್ರಾವಕ್ಕೋ ರಕ್ತನಾಳದ ತಡೆಗೋ ತುತ್ತಾದ 600ಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮೈಯನ್ನು ಯಂತ್ರದ ಮೂಲಕ 37 ಡಿಗ್ರಿಯಲ್ಲಿರಿಸಲು ಯತ್ನಿಸಲಾಯಿತು. ಮತ್ತೊಂದು ಗುಂಪಿಗೆ ಜ್ವರ ಬಂದಾಗ ವಾಡಿಕೆಯ ಚಿಕಿತ್ಸೆ ನಡೆಯಿತು. ಮೊದಲ ಗುಂಪಿನಲ್ಲಿ ಜ್ವರ ಕಡಮೆಯಾಯಿತು. ಆದರೆ ಮೂರು ತಿಂಗಳ ಅನಂತರ ನೋಡಿದಾಗ ಚೇತರಿಕೆಯಲ್ಲಿ ಮೇಲುಗೈ ಕಾಣಲಿಲ್ಲ.

ಇದರಿಂದ ಜ್ವರವನ್ನು ಅಲಕ್ಷಿಸಬಹುದೆಂದು ನಾವು ತಿಳಿಯಲಾಗದು. ಎರಡನೆಯ ಗುಂಪಿನವರ ಜ್ವರಕ್ಕೂ ಆರೈಕೆಯಿತ್ತೆಂಬುದನ್ನು ಮರೆಯಬಾರದು. 2023ರಲ್ಲಿ ಪ್ರಕಟವಾದ 'ಇಂಟರಾಕ್ಟ್-3' ಪ್ರಯೋಗವು ಮತ್ತೊಂದು ಪಾಠ ಹೇಳುತ್ತದೆ. ಭಾರತವೂ ಸೇರಿ 10 ದೇಶಗಳಲ್ಲಿ, ರಕ್ತಸ್ರಾವಕ್ಕೆ ತುತ್ತಾದ 7000ಕ್ಕೂ ಹೆಚ್ಚು ರೋಗಿಗಳು ಅದರಲ್ಲಿದ್ದರು. ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಬೇಗನೆ ಹತೋಟಿಗೆ ತರುವುದು, ಉಷ್ಣತೆ 37.5 ಡಿಗ್ರಿ ಮೀರದಂತೆ ನೋಡಿಕೊಳ್ಳುವುದು, ಹೆಪ್ಪುರೋಧಕ ಮದ್ದು ಸೇವಿಸುತ್ತಿದ್ದವರಲ್ಲಿ ಅದರ ಪರಿಣಾಮವನ್ನು ಅಳಿಸುವುದು—ಇವೆಲ್ಲ ಒಟ್ಟಿಗೆ ನಡೆದಾಗ ರೋಗಿಗಳ ಚೇತರಿಕೆ ಉತ್ತಮವಾಯಿತು. ಇದರಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು.

ಆದುದರಿಂದ, ಬೆಲೆಬಾಳುವ ಯಂತ್ರವಿಲ್ಲದ ಜಿಲ್ಲಾ ಆಸ್ಪತ್ರೆಯನ್ನು ಕಂಡು ಮನೆಯವರು ಎದೆಗುಂದಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಹೊತ್ತು ಹೊತ್ತಿಗೆ ಉಷ್ಣತೆಯನ್ನು ಅಳೆದು ಬರೆದಿಡುವ ದಾದಿ, ಜ್ವರದ ಮೂಲವನ್ನು ಹುಡುಕುವ ವೈದ್ಯ, ವೇಳೆಗೆ ಸರಿಯಾಗಿ ಕೊಟ್ಟ ಸಾಮಾನ್ಯ ಔಷಧ—ಇವು ಮೊದಲು ಎಲ್ಲೆಡೆಯೂ ದೊರೆಯಲಿ.

ನಮ್ಮ ತರುಣ ವಾಚಕರು ಇನ್ನೊಂದು ಮಾತನ್ನೂ ನೆನಪಿಡಬೇಕು. ಒಮ್ಮೆಲೆ ತಡೆಯಲಾರದ ತಲೆನೋವು ಬಂದರೆ, ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ, ಮನೆಯಲ್ಲಿ ತಲೆಗೆ ತಣ್ಣೀರು ತಟ್ಟುತ್ತ ಹೊತ್ತು ಕಳೆಯಬಾರದು. ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.