ಡಿಜಿಟಲ್ ಸಹಿಯನ್ನು ನಾವು ನಂಬುವುದು ಯಾವ ಆಧಾರದ ಮೇಲೆ?

ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ವಿದ್ಯಾರ್ಥಿಯೊಬ್ಬರಿಗೆ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕು ಎಂದುಕೊಳ್ಳೋಣ. ನಾಡಕಚೇರಿಯ ಆ ಪತ್ರದಲ್ಲಿ ಈಗ ಇರುವುದು ಡಿಜಿಟಲ್ ಸಹಿ. ‘ಸಹಿ, ಸೀಲು ಇಲ್ಲದ ಕಾಗದ ನಡೆಯೋದಿಲ್ಲ’ ಎನ್ನುವವರು ಇನ್ನೂ ಇದ್ದಾರೆ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 5ನೇ ಕಲಂ ಡಿಜಿಟಲ್ ಸಹಿಗೆ ಕೈಸಹಿಯಷ್ಟೇ ಮಾನ್ಯತೆ ಕೊಟ್ಟಿದೆ.

ಆ ಸಹಿ ಅದೇ ಅಧಿಕಾರಿಯದ್ದು ಎಂದು ಖಾತ್ರಿ ಕೊಡುವವರು ಯಾರು? ಗುರುತು ಪರಿಶೀಲಿಸಿ ಡಿಜಿಟಲ್ ಸರ್ಟಿಫಿಕೇಟ್ ನೀಡುವ ಪ್ರಮಾಣೀಕರಣ ಪ್ರಾಧಿಕಾರಗಳು. ಬೆಂಗಳೂರಿನ ಇ-ಮುದ್ರಾ ಅಂಥ ಒಂದು ಸಂಸ್ಥೆ. ಇವುಗಳಿಗೆ ಲೈಸೆನ್ಸ್ ಕೊಡಲು ಕೇಂದ್ರ ಸರ್ಕಾರದ ನಿಯಂತ್ರಕರಿದ್ದಾರೆ.

ಕಾಯ್ದೆಯ 22ನೇ ಕಲಂ ಪ್ರಕಾರ ಲೈಸೆನ್ಸ್ ಅರ್ಜಿಯ ಜೊತೆ ಸಿಪಿಎಸ್ ಎಂಬ ದಾಖಲೆ ಕೊಡಲೇಬೇಕು. ಇದು ಸಂಸ್ಥೆಯ ಕಾರ್ಯವಿಧಾನದ ಲಿಖಿತ ಹೇಳಿಕೆ. ಅರ್ಜಿದಾರರ ಗುರುತನ್ನು ಹೇಗೆ ಪರಿಶೀಲಿಸುತ್ತಾರೆ, ತಮ್ಮ ಗುಪ್ತ ಕೀಲಿಯನ್ನು ಹೇಗೆ ಕಾಪಾಡುತ್ತಾರೆ, ಸರ್ಟಿಫಿಕೇಟನ್ನು ಯಾವಾಗ ರದ್ದು ಮಾಡುತ್ತಾರೆ, ಆಡಿಟ್ ಹೇಗೆ ನಡೆಯುತ್ತದೆ, ನಷ್ಟವಾದರೆ ಹೊಣೆ ಎಷ್ಟು ಎಂಬುದೆಲ್ಲ ಇದರಲ್ಲಿರುತ್ತದೆ. ಸಂಸ್ಥೆಗಳು ಇದನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. 2003ರ ಆರ್‌ಎಫ್‌ಸಿ 3647 ಎಂಬ ಅಂತರರಾಷ್ಟ್ರೀಯ ಮಾದರಿ ಇದಕ್ಕೊಂದು ಸಾಮಾನ್ಯ ಚೌಕಟ್ಟು ಕೊಟ್ಟಿರುವುದರಿಂದ ಎರಡು ಸಂಸ್ಥೆಗಳ ಹೇಳಿಕೆಗಳನ್ನು ಹೋಲಿಸಿ ನೋಡಬಹುದು.

ಬರೆದಿಟ್ಟರೆ ಸಾಕೇ? ಸಾಲದು. 2014ರ ಜುಲೈ 2ರಂದು ಗೂಗಲ್ ತನ್ನ ಜಾಲತಾಣಗಳ ಹೆಸರಿನಲ್ಲಿದ್ದ ಅನಧಿಕೃತ ಸರ್ಟಿಫಿಕೇಟುಗಳನ್ನು ಪತ್ತೆಹಚ್ಚಿತು. ಅವು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್‌ನ ಪ್ರಾಧಿಕಾರದಿಂದ ಬಂದಿದ್ದವು. ಮರುದಿನವೇ ನಿಯಂತ್ರಕರು ಅದರ ಮಧ್ಯಂತರ ಸರ್ಟಿಫಿಕೇಟುಗಳನ್ನು ರದ್ದು ಮಾಡಿದರು. ಬರೆದ ನಿಯಮಕ್ಕೆ ಬೆಲೆ ಬರುವುದು ಹೊರಗಿನವರು ಅದನ್ನು ಒರೆಗೆ ಹಚ್ಚಿದಾಗ ಮಾತ್ರ. ‘ಹೀಗೆ ಮಾಡುತ್ತೇವೆ ಎಂದು ಬರೆದಿದ್ದೀರಿ, ಹಾಗೆ ಮಾಡಿದ್ದೀರಾ?’ ಎಂದು ಕೇಳಲು ಸಿಪಿಎಸ್ ಆಧಾರ ಒದಗಿಸುತ್ತದೆ.

ಸಹಿ ಮಾಡುವವರ ಜವಾಬ್ದಾರಿಯೂ ಇದೆ. ಗುಪ್ತ ಕೀಲಿ ತಮ್ಮ ಹಿಡಿತದಲ್ಲೇ ಇರುವಂತೆ ಎಚ್ಚರ ವಹಿಸಬೇಕೆಂದು 42ನೇ ಕಲಂ ಹೇಳುತ್ತದೆ. ಅಧಿಕಾರಿ ತಮ್ಮ ಟೋಕನ್ ಮತ್ತು ಪಿನ್ ಅನ್ನು ಬೇರೆಯವರ ಕೈಗೆ ಕೊಟ್ಟರೆ ಸಿಪಿಎಸ್ ಎಷ್ಟೇ ಬಿಗಿಯಾಗಿದ್ದರೂ ವ್ಯರ್ಥ. ಆಗ ಯಾರದೋ ಆದಾಯ, ಜಾತಿ ಅಥವಾ ಜಮೀನಿನ ದಾಖಲೆಗೆ ಇನ್ಯಾರೋ ಸಹಿ ಹಾಕಿಬಿಡಬಹುದು.

ಇನ್ನೊಂದು ಮಾತು. ಯಾರು ಸಹಿ ಮಾಡಿದರು, ಆಮೇಲೆ ಕಡತ ಬದಲಾಗಿದೆಯೇ ಎಂಬುದನ್ನಷ್ಟೇ ಡಿಜಿಟಲ್ ಸಹಿ ಹೇಳುತ್ತದೆ. ಒಳಗಿನ ವಿವರ ನಿಜವೆಂದಲ್ಲ. ಮುದ್ರಿತ ಪ್ರತಿಯಲ್ಲಿ ಕಾಣುವುದು ಸಹಿಯ ಚಿತ್ರ ಮಾತ್ರ. ಹಾಗಾಗಿ ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ನಾಡಕಚೇರಿಯ ಜಾಲತಾಣದಲ್ಲಿ ಹಾಕಿ ತಾಳೆ ನೋಡುವುದೇ ಸರಿಯಾದ ದಾರಿ.